ಪಿಕಪ್ ಬರುತ್ತದೋ, ನಾವೇ ಹೋಗಬೇಕೋ?

ಮೊನ್ನೆ ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಮಾವನ ಫೋನಿಗೆ ಒಂದು ಮೆಸೇಜ್ ಬಂತು. ರಿಪೇರಿಗೆ ಕೊಟ್ಟ ತೋಟದ ಮೋಟರಿನ ಬಗ್ಗೆ. ‘ಮೋಟರ್ ರೆಡಿ. ಪಿಕಪ್ 8 ಎಎಂ.’ ಇಂಗ್ಲಿಷಿನಲ್ಲಿ ಅಷ್ಟೇ ಇದ್ದದ್ದು. ಅಂಗಡಿಯವರು ಪಿಕಪ್ ಗಾಡಿಯಲ್ಲಿ ಮೋಟರ್ ಕಳಿಸುತ್ತಾರೆ ಅಂತ ಮಾವ ಲೆಕ್ಕ ಹಾಕಿದರು. ಏಳೂವರೆಗೇ ಗೇಟು ತೆರೆದಿಟ್ಟು, ಇಳಿಸಲಿಕ್ಕೆ ಇಬ್ಬರು ಆಳುಗಳಿಗೂ ಹೇಳಿ ಕೂತರು. ಹನ್ನೊಂದಾದರೂ ಗಾಡಿ ಇಲ್ಲ. ‘ಎಂತ ಮಾರಾಯ, ಪಿಕಪ್ ಬರ್ಲೇ ಇಲ್ಲ’ ಅಂತ ನನಗೆ ಫೋನು. ಅತ್ತ ಅಂಗಡಿಯವರು, ಇವರು ಯಾವಾಗ ಬಂದು ಮೋಟರ್ ಒಯ್ಯುತ್ತಾರೆ ಅಂತ ಕಾಯುತ್ತಿದ್ದರು.

ಆ ಮೆಸೇಜಿನಲ್ಲಿ ಯಾರು ಬರಬೇಕು ಅನ್ನುವುದೇ ಇರಲಿಲ್ಲ. ‘ಪಿಕಪ್’ ಅಂತ ಒಂದೇ ಪದವಾಗಿ ಬರೆದರೆ ಅದು ನಾಮಪದ. ಅದು ಗಾಡಿಯ ಹೆಸರೂ ಹೌದು, ಒಯ್ಯುವ ಕೆಲಸದ ಹೆಸರೂ ಹೌದು. ಬಿಡಿಸಿ ‘ಪಿಕ್ ಅಪ್’ ಅಂತ ಬರೆದರೆ ಕ್ರಿಯಾಪದ. ಆಗ ಯಾರು, ಯಾವುದನ್ನು ಅನ್ನುವುದು ತಾನಾಗಿ ಹೊರಗೆ ಬರುತ್ತದೆ. ಹಾಗಾಗಿ ಇದನ್ನು ಹೇಗೆ ಬಿಡಿಸುವುದು, ಎಲ್ಲಿ ಕೂಡಿಸುವುದು ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ‘ಅಪ್’ ಯಾಕೆ ಬಂತು?

ಕರಿಮೆಣಸು ಬಳ್ಳಿಯಿಂದ ಕೊಯ್ಯುವುದು ‘ಪಿಕ್’. ಗೇರುಬೀಜ ಮರದ ಬುಡದಿಂದ ಹೆಕ್ಕುವುದು ‘ಪಿಕ್ ಅಪ್’. ನಾಲ್ಕು ಸೀರೆಯಲ್ಲಿ ಒಂದನ್ನು ಆರಿಸುವುದು ಮತ್ತೆ ಬರೀ ‘ಪಿಕ್’. ಕಾಸರಗೋಡಿನವರಿಗೆ ಇದು ಸುಲಭ, ಯಾಕೆಂದರೆ ನಮಗೆ ‘ಹೆಕ್ಕು’ ಅನ್ನುವ ಬೇರೆಯೇ ಮಾತಿದೆ. ಎರಡಕ್ಕೂ ‘ಆರಿಸು’ ಅನ್ನುವ ಕಡೆಯವರಿಗೆ ಸ್ವಲ್ಪ ಗೊಂದಲವಾಗಬಹುದು. ನೆಲದಿಂದ ಮೇಲಕ್ಕೆ ಬಂತು ಅಂದರೆ ‘ಅಪ್’ ಬೇಕು ಅಂತ ಮೊದಲಿಗೆ ನೆನಪಿಟ್ಟುಕೊಳ್ಳಿ.

ಹಂತ 2: ಪಕ್ಕದಲ್ಲಿ ಏನಿದೆ ನೋಡಿ

ಅರ್ಥ ಹೇಳುವುದು ಪಿಕ್ ಅಲ್ಲ, ಅಪ್ ಕೂಡ ಅಲ್ಲ. ಪಕ್ಕದ ಪದ. ಪಕ್ಕದಲ್ಲಿ ಫೋನು ಇದ್ದರೆ ಕರೆ ಸ್ವೀಕರಿಸುವುದು. ಮಗು ಇದ್ದರೆ ಎತ್ತಿಕೊಳ್ಳುವುದು, ಇಲ್ಲವೇ ಶಾಲೆಯಿಂದ ಕರಕೊಂಡು ಬರುವುದು. ಬಿಲ್ ಇದ್ದರೆ ಹಣ ಕೊಡುವುದು. ಶೀತ ಇದ್ದರೆ ಅಂಟಿಸಿಕೊಳ್ಳುವುದು. ರೇಡಿಯೋ ಸಿಗ್ನಲ್ ಇದ್ದರೆ ಹಿಡಿಯುವುದು. ಪೊಲೀಸರು ಒಬ್ಬನನ್ನು ಪಿಕ್ ಅಪ್ ಮಾಡಿದರು ಅಂದರೆ ಲಿಫ್ಟ್ ಕೊಟ್ಟರು ಅಂತಲ್ಲ! ನಾವೂ ‘ಎತ್ತಾಕಿಕೊಂಡು ಹೋದರು’ ಅನ್ನುತ್ತೇವಲ್ಲ, ಅದೇ.

ನನಗೆ ಇಷ್ಟ ಭಾಷೆಯ ಉದಾಹರಣೆ. ನಮ್ಮಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಾರೆ. ಯಾರೂ ಕೂತು ಕಲಿಸಿದ್ದಲ್ಲ. ಕಿವಿಗೆ ಬಿದ್ದದ್ದನ್ನು ಹೆಕ್ಕಿಕೊಂಡದ್ದು. ಇದಕ್ಕೆ ಇಂಗ್ಲಿಷಿನಲ್ಲಿ ಪಿಕ್ ಅಪ್ ಬಿಟ್ಟರೆ ಇಷ್ಟು ಸರಿಯಾದ ಮಾತು ಇಲ್ಲ. ಆದರೆ ಮಂಜೇಶ್ವರದ ಗೋವಿಂದ ಪೈಗಳಿಗೆ ಗ್ರೀಕ್ ಕೂಡ ಬರುತ್ತಿತ್ತು. ಅದಕ್ಕೆ ಪಿಕ್ ಅಪ್ ಅನ್ನಬೇಡಿ. ಮಂಜೇಶ್ವರದ ಪೇಟೆಯಲ್ಲಿ ಗ್ರೀಕ್ ಸುಮ್ನೆ ಕಿವಿಗೆ ಬೀಳುವುದಿಲ್ಲವಲ್ಲ. ಓದಿ ಕಲಿತದ್ದಕ್ಕೆ ‘ಲರ್ನ್’ ಅನ್ನುವುದೇ ಚಂದ.

ಪಕ್ಕದಲ್ಲಿ ಏನೂ ಇಲ್ಲದಿದ್ದರೆ? ‘ಮಳೆ ಪಿಕ್ಸ್ ಅಪ್’ ಅಂದರೆ ಜೋರಾಗುತ್ತದೆ. ವ್ಯಾಪಾರವೋ ಅಡಿಕೆ ಧಾರಣೆಯೋ ಆದರೆ ಚೇತರಿಸಿಕೊಳ್ಳುತ್ತದೆ. ಇಲ್ಲಿ ಯಾರೂ ಏನನ್ನೂ ಎತ್ತುವುದಿಲ್ಲ, ಅದಾಗಿಯೇ ಏರುತ್ತದೆ. ಒಂದು ಎಚ್ಚರಿಕೆ: ಪರಿಚಯವಿಲ್ಲದ ಹೆಣ್ಣನ್ನೋ ಗಂಡನ್ನೋ ಮಾತಾಡಿಸಿ ಬಲೆಗೆ ಹಾಕಿಕೊಳ್ಳುವುದಕ್ಕೂ ಇದೇ ಮಾತಿದೆ. ಸ್ಟೇಷನ್, ಬಸ್‌ಸ್ಟ್ಯಾಂಡ್ ಅಂತ ಎಲ್ಲಿಂದ ಅನ್ನುವುದನ್ನು ಸೇರಿಸಿದರೆ ಆ ಅರ್ಥ ಬರುವ ಭಯ ಕಡಿಮೆ.

ಹಂತ 3: ಭೂತಕಾಲಕ್ಕೆ ತಿರುಗಿಸಿ

ಸ್ಪೆಲ್ಲಿಂಗ್ ತಪ್ಪುವುದು ಇಲ್ಲೇ. ಜಾಗ ಬಿಡಬೇಕೋ, ಕೂಡಿಸಬೇಕೋ ಅಂತ ಅನುಮಾನ ಬಂದರೆ ವಾಕ್ಯವನ್ನು ನಿನ್ನೆಗೆ ತಳ್ಳಿ ನೋಡಿ. ‘ಪಿಕ್ಡ್ ಅಪ್’ ಅಂತ ನಡುವೆ ಇ, ಡಿ ಬಂದು ಕೂತರೆ ಅದು ಕ್ರಿಯಾಪದ. ಎರಡು ಪದ ಮಾಡಿ, ನಡುವೆ ಜಾಗ ಬಿಡಿ. ಅಡ್ಡಗೀಟೂ ಬೇಡ. ‘ಪಿಕಪ್ ಎಂಟು ಗಂಟೆಗೆ’ ಅನ್ನುವುದರಲ್ಲಿ ಇ, ಡಿ ಹಾಕಲು ಜಾಗವೇ ಇಲ್ಲ. ಅದು ನಾಮಪದ. ಅಮೆರಿಕದವರು ಕೂಡಿಸಿ ಬರೆಯುತ್ತಾರೆ, ಬ್ರಿಟಿಷರು ಹೆಚ್ಚಾಗಿ ನಡುವೆ ಅಡ್ಡಗೀಟು ಹಾಕುತ್ತಾರೆ. ಎರಡೂ ಸರಿ, ಆದರೆ ಒಂದೇ ಕಾಗದದಲ್ಲಿ ಎರಡನ್ನೂ ಬೆರೆಸಬೇಡಿ. ಈ ಅಡ್ಡಗೀಟುಗಳಿಗೂ ಆಯಸ್ಸು ಕಡಿಮೆ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಆರನೇ ಆವೃತ್ತಿ ಬಂದಾಗ ಸುಮಾರು 16,000 ಪದಗಳ ಅಡ್ಡಗೀಟು ಒಂದೇ ಏಟಿಗೆ ಹೋಯಿತು.

ನಾವು ಯಾಕೆ ‘ಐ ವಿಲ್ ಪಿಕಪ್ ಯು’ ಅಂತ ಕೂಡಿಸಿ ಬರೆಯುತ್ತೇವೆ? ನನ್ನ ಅನಿಸಿಕೆಯಲ್ಲಿ ಕಾರಣ ಕನ್ನಡದ ‘ಮಾಡು’. ಪಿಕಪ್ ಮಾಡಿದೆ, ಪಿಕಪ್ ಮಾಡ್ತೇನೆ. ಕಾಲ ಯಾವುದಾದರೂ ಬದಲಾಗುವುದು ‘ಮಾಡು’ ಮಾತ್ರ. ಪಿಕಪ್ ಕಲ್ಲಿನ ಹಾಗೆ ಹಾಗೇ ಇರುತ್ತದೆ. ಆ ಗಟ್ಟಿ ಪದವನ್ನೇ ಇಂಗ್ಲಿಷಿಗೆ ವಾಪಸ್ ಒಯ್ಯುತ್ತೇವೆ. ಸೆಟಪ್, ಬ್ಯಾಕಪ್, ಲಾಗಿನ್ ಎಲ್ಲದರದ್ದೂ ಇದೇ ಕಥೆ. ಹೆಸರಾದರೆ ಕೂಡಿಸಿ, ಕೆಲಸವಾದರೆ ಬಿಡಿಸಿ.

ಗಾಡಿಯ ಹಿಂದೆ ಬರೆದದ್ದನ್ನು ನೋಡಿ ಮಾತ್ರ ಸ್ಪೆಲ್ಲಿಂಗ್ ಕಲಿಯಬೇಡಿ. ಮಹೀಂದ್ರದ ಬೊಲೆರೊ ಪಿಕಪ್ ಹೆಸರಿನಲ್ಲಿ ‘ಸಿ’ ಅಕ್ಷರವೇ ಇಲ್ಲ, ನಡುವೆ ಅಡ್ಡಗೀಟು ಬೇರೆ. ಅದು ಕಂಪನಿ ಇಟ್ಟ ಹೆಸರು. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕು ಹೋಗುತ್ತದೆ. ‘ಬೈಕಿಗೆ ಪಿಕಪ್ ಇಲ್ಲ’ ಅನ್ನುವ ನಮ್ಮ ಮಾತು ತಪ್ಪು ಇಂಗ್ಲಿಷ್ ಅಂತ ಕೆಲವರು ನಗುತ್ತಾರೆ. ನಗಬೇಕಾಗಿಲ್ಲ. ಬೇಗ ವೇಗ ಹಿಡಿಯುವ ಶಕ್ತಿ ಅನ್ನುವ ಅರ್ಥ ಅಮೆರಿಕದ ನಿಘಂಟುಗಳಲ್ಲೂ ಇದೆ.

ಹಂತ 4: ಸರ್ವನಾಮವನ್ನು ನಡುವೆ ಕೂರಿಸಿ

‘ಪಿಕ್ ಅಪ್ ದ ಮೋಟರ್’ ಸರಿ. ‘ಪಿಕ್ ದ ಮೋಟರ್ ಅಪ್’ ಕೂಡ ಸರಿ. ಆದರೆ ಮೋಟರಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’. ಹಿಮ್, ಹರ್, ಮಿ, ಯು ಎಲ್ಲದಕ್ಕೂ ಹೀಗೇ. ‘ಪಿಕ್ ಅಪ್ ಯು’ ಅಂತ ಇಂಗ್ಲಿಷಿನವರು ಹೇಳುವುದಿಲ್ಲ.

ಗಟ್ಟಿಯಾಗಿ ಓದಿದರೂ ವ್ಯತ್ಯಾಸ ತಿಳಿಯುತ್ತದೆ. ಹೆಸರಾದರೆ ಒತ್ತು ‘ಪಿಕ್’ ಮೇಲೆ. ‘ಪಿಕ್ ಇಟ್ ಅಪ್’ ಅನ್ನುವಾಗ ‘ಅಪ್’ ಮೇಲೆ.

ಹಂತ 5: ಕಳಿಸುವ ಮೊದಲು

ಈಗ ಮಾವನ ಮೆಸೇಜಿಗೆ ಬನ್ನಿ. ‘ಪ್ಲೀಸ್ ಕಮ್ ಅಂಡ್ ಪಿಕ್ ಇಟ್ ಅಪ್ ಅಟ್ 8’ ಅಂತ ಇದ್ದರೆ ಮಾವನೇ ಹೋಗಬೇಕು. ‘ವಿ ವಿಲ್ ಡೆಲಿವರ್ ಇಟ್ ಅಟ್ 8’ ಅಂತ ಇದ್ದರೆ ಗೇಟು ತೆರೆದಿಟ್ಟು ಕೂತದ್ದು ಸರಿ. ನಾಲ್ಕು ಪದ ಜಾಸ್ತಿ, ಅಷ್ಟೆ. ಅಂಗಡಿಯವರಿಗೆ ಮಲಯಾಳ, ಮಾವನಿಗೆ ಕನ್ನಡ. ಬರೆಯುವಾಗ ನಡುವೆ ಇಂಗ್ಲಿಷ್ ಬರುತ್ತದೆ. ಎದುರು ಸಿಕ್ಕಿದರೆ ಇಬ್ಬರೂ ತುಳುವಿನಲ್ಲಿ ಮಾತಾಡುವವರು. ಆವತ್ತು ಕೊನೆಗೆ ಮಾವ ಅಂಗಡಿಗೆ ಫೋನ್ ಮಾಡಿ ವಿಷಯ ಮುಗಿಸಿದ್ದೂ ತುಳುವಿನಲ್ಲೇ. ಆಮೇಲೆ ಮೋಟರ್ ತರಲಿಕ್ಕೆ ಬಾಡಿಗೆಗೆ ಹಿಡಿದದ್ದು ಒಂದು ಪಿಕಪ್ ಗಾಡಿ.