ಡಿಬಿಎಸ್ ಹೊಂದಿಸುವಾಗ ನಾನು ಕಿವಿಗೊಡುವುದು ಎಲ್ಲಿಗೆ

ಪಾರ್ಕಿನ್ಸನ್ ಇರುವವರ ಮಾತಿನ ಚಿಕಿತ್ಸೆ ನನ್ನ ಕೆಲಸ. ಡಿಬಿಎಸ್, ಅಂದರೆ ಮಿದುಳಿನೊಳಗೆ ತಂತಿ ಕೂರಿಸಿ ಯಂತ್ರದಿಂದ ಸಣ್ಣ ಕರೆಂಟ್ ಹಾಯಿಸಿ ನಡುಕ ತಗ್ಗಿಸುವ ಆಪರೇಷನ್, ಮಾಡಿಸಿಕೊಂಡವರು ಬರತೊಡಗಿದ ಮೇಲೆ, ನರರೋಗ ತಜ್ಞರು ಯಂತ್ರ ಹೊಂದಿಸುವ ಕೋಣೆಗೇ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡೆ. ಅಲ್ಲಿ ನಡುಕ ನಿಂತಿತೇ ಅಂತ ಎಲ್ಲರ ಕಣ್ಣೂ ರೋಗಿಯ ಕೈ ಮೇಲಿರುತ್ತದೆ, ನನ್ನ ಕಿವಿ ಮಾತ್ರ ಮಾತಿನ ಮೇಲೆ.

ತಂತಿ ಕೂರಿಸುವ ಜಾಗ, ಮಿದುಳಿನ ಆಳದ ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಅವರೆಕಾಳಿನಷ್ಟೇ ಇರುವುದು. ಅದರ ಪಕ್ಕದಲ್ಲೇ ಮುಖಕ್ಕೂ ನಾಲಗೆಗೂ ಹೋಗುವ ನರತಂತುಗಳಿವೆ. ಕರೆಂಟ್ ಅತ್ತ ಹರಡಿದರೆ ನಡುಕ ನಿಂತರೂ ನಾಲಗೆ ಬಿಗಿಯುತ್ತದೆ.

ಒಬ್ಬ ಅಡಿಕೆ ವ್ಯಾಪಾರಿಯ ಹೆಂಡತಿ ಹೇಳಿದರು: “ಮೇಡಂ, ಈಗ ಕಾಫಿ ಚೆಲ್ಲೋದಿಲ್ಲ. ಆದ್ರೆ ಫೋನಲ್ಲಿ ಇವರು ಹೇಳೋ ರೇಟು ಆ ಕಡೆಯವರಿಗೆ ತಿಳಿಯೋದೇ ಇಲ್ಲ.” ನಾನು ಅವರ ಗಂಡನಿಂದ ಉದ್ದಕ್ಕೆ ‘ಆ...’ ಅನ್ನಿಸಿದೆ. ದನಿ ಗಟ್ಟಿಯಾಗೇ ಇತ್ತು. ‘ಆ’ ಅನ್ನಲು ನಾಲಗೆ ಹೆಚ್ಚೇನೂ ಆಡಬೇಕಿಲ್ಲವಲ್ಲ! ‘ಪಟಕ ಪಟಕ’ ಅಂತ ಬೇಗಬೇಗ ಅನ್ನಿಸಿದಾಗ ಬಣ್ಣ ಬಯಲಾಯಿತು. ಟ, ಕ ಎರಡೂ ಕಲಸಿಹೋದವು. ಆಮೇಲೆ ಅವರಿಗೆ ಬೆನ್ನು ತಿರುಗಿಸಿ ಕೂತೆ, ತುಟಿ ನೋಡಿದರೆ ಅರ್ಧ ಮಾತು ಊಹಿಸಿಬಿಡುತ್ತೇವೆ. “ನಲವತ್ತೆಂಟು ಸಾವಿರದ ಇನ್ನೂರು” ಅಂತ ಮಂಡಿಗೆ ಹೇಳುವ ಹಾಗೆ ಹೇಳಿ ಅಂದೆ. ಕರೆಂಟ್ ಎಷ್ಟಿದೆ ಅಂತ ನನಗೆ ಹೇಳದೆ ಡಾಕ್ಟರು ಬದಲಿಸುತ್ತಾ ಹೋದರು, ನಾನು ಕೇಳಿದ್ದನ್ನಷ್ಟೇ ಬರೆದುಕೊಂಡೆ.

ಕರೆಂಟಿನ ಮಿಡಿತವನ್ನು 130 ಹರ್ಟ್ಸ್‌ನಿಂದ (ಸೆಕೆಂಡಿಗೆ 130 ಸಲ) 80ಕ್ಕೆ ಇಳಿಸಿದಾಗ ಮಾತು ಸಡಿಲವಾಯಿತು, ಆದರೆ ಬಲಗೈ ನಡುಕ ಮರಳಿತು. ಕೊನೆಗೆ 130ರಲ್ಲೇ ಇಟ್ಟು, ಎಡಬದಿಯ ತಂತಿಯ ಕರೆಂಟ್ ತಗ್ಗಿಸಿ ಒಂದು ಪ್ರೋಗ್ರಾಂ, ನಡುಕಕ್ಕೆ ಹಳೆಯದೇ ಇನ್ನೊಂದು. ಫೋನಿನ ಹೊತ್ತಿಗೆ ಅವರೇ ರಿಮೋಟಿನಲ್ಲಿ ಬದಲಿಸಿಕೊಳ್ಳುತ್ತಾರೆ.

ಜೋರಾಗಿ ಮಾತಾಡಿಸುವ ಎಲ್‌ಎಸ್‌ವಿಟಿ ತರಬೇತಿ, ವಾರಕ್ಕೆ 4 ದಿನದಂತೆ 4 ವಾರ, ದನಿ ಕುಗ್ಗಿದವರಿಗೆ ಒಳ್ಳೆಯದೇ. ಆದರೆ ಕರೆಂಟ್ ಹೆಚ್ಚಾಗಿ ನಾಲಗೆ ಬಿಗಿದಿರುವವರನ್ನು ಕೂಗಿಸಿದರೆ ಗಂಟಲು ದಣಿಯುತ್ತದೆ, ಅಷ್ಟೇ. ಮೊದಲು ಯಂತ್ರ ಸರಿಹೋಗಲಿ ಅನ್ನುವುದು ನನ್ನ ಹಟ.

ಈಗೀಗ ಆಪರೇಷನ್‌ಗೆ ಮುಂಚೆಯೇ, ಮಾತ್ರೆ ತೆಗೆದುಕೊಂಡಾಗ ಒಮ್ಮೆ, ಅದರ ಪ್ರಭಾವ ಇಳಿದಾಗ ಒಮ್ಮೆ, ಅವೇ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಡುತ್ತೇನೆ. ಪದಗಳು ಎಷ್ಟು ಸಲೀಸಾಗಿ ಹೊಳೆಯುತ್ತವೆ ಅಂತ ನೋಡಲು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ ಅಂತಲೂ ಎಣಿಸುತ್ತೇನೆ. ಆಪರೇಷನ್ ಆದ ಮೇಲೆ ಹಲವರಲ್ಲಿ ಈ ಲೆಕ್ಕ ತಗ್ಗುತ್ತದೆ, ಯಂತ್ರ ಆಫ್ ಮಾಡಿದರೂ ಪೂರ್ತಿ ಮರಳುವುದಿಲ್ಲ. ಇದನ್ನು ಮನೆಯವರಿಗೆ ಸಹಿ ಹಾಕುವ ಮೊದಲೇ ಹೇಳಿಬಿಡುತ್ತೇನೆ.