ಅಟ್ಟದ ಮೇಲಿನ ಗ್ರಾಮಫೋನ್ ತಟ್ಟೆಗಳನ್ನು ಮತ್ತೆ ಹಾಡಿಸುವುದು ಹೇಗೆ?

ಹಳೆಯ ಮನೆ ಖಾಲಿ ಮಾಡುವಾಗ, ಇಲ್ಲವೇ ಗೋಡೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ರೆಕಾರ್ಡ್ ಡಬ್ಬ ಇಳಿಯುತ್ತದೆ. ಅಜ್ಜ ತಂದದ್ದೋ, ಸೋದರತ್ತೆ ಮದುವೆಗೆ ಮುಂಚೆ ಕೂಡಿಸಿಟ್ಟದ್ದೋ ಇರಬಹುದು. ಏನು ಮಾಡುವುದೆಂದು ತಿಳಿಯದೆ ಕೆಲವರು ಗುಜರಿಗೆ ಹಾಕುತ್ತಾರೆ. ಕೆಲವರು ಗಡಿಯಾರ ಮಾಡಿಸಿ ಗೋಡೆಗೆ ನೇತುಹಾಕುತ್ತಾರೆ. ದಯವಿಟ್ಟು ಎರಡೂ ಬೇಡ. ಅವು ಹಾಡಲಿಕ್ಕೆಂದೇ ಮಾಡಿದ ತಟ್ಟೆಗಳು. ಐವತ್ತು ವರ್ಷ ಸುಮ್ಮನಿದ್ದರೂ ತೊಳೆದು, ಸರಿಯಾದ ಮುಳ್ಳು (ತಟ್ಟೆಯ ಗೆರೆಯಲ್ಲಿ ಓಡುವ ಸೂಜಿ) ಇಟ್ಟರೆ ಹೆಚ್ಚಿನವು ಇಂದಿಗೂ ಹಾಡುತ್ತವೆ. ಡಬ್ಬದಲ್ಲಿರುವ ಎಷ್ಟೋ ಕನ್ನಡ ಹಾಡುಗಳು ಆಮೇಲೆ ಕ್ಯಾಸೆಟ್‌ನಲ್ಲೂ ಬರಲಿಲ್ಲ, ಮೊಬೈಲಿಗೂ ಬಂದಿಲ್ಲ. ಅವು ಉಳಿದಿದ್ದರೆ ಆ ಗೆರೆಗಳಲ್ಲೇ ಉಳಿದಿವೆ.

ಒಂದು ಎಚ್ಚರ ಮೊದಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ಅಟ್ಟದಲ್ಲಿದ್ದಾಗ ಆಗದ ಹಾಳು, ಕೆಳಗಿಳಿಸಿದ ಮೊದಲ ದಿನದ ಆತುರದಲ್ಲಿ ಆಗುತ್ತದೆ. ಕೈಗೆ ಸಿಕ್ಕಿದ ಪ್ಲೇಯರಿನಲ್ಲಿ, ಧೂಳು ಒರೆಸದೆ, ಸವೆದ ಮುಳ್ಳು ಇಟ್ಟು "ಹಾಡುತ್ತಾ ನೋಡೋಣ" ಎನ್ನುವುದೇ ಅದಕ್ಕೆ ಕಾರಣ. ಮುಳ್ಳು ಕೊನೆಗೆ ಬರಲಿ.

ಮೊದಲು, ಯಾವ ತಟ್ಟೆ ಎಂದು ಗುರುತಿಸಿ

ನೋಡಲು ಎಲ್ಲವೂ ಕಪ್ಪು ತಟ್ಟೆಗಳೇ. ಆದರೆ ಒಳಗಿನ ವಸ್ತು ಎರಡು ಬಗೆ.

ಹಳೆಯವು ಅರಗಿನ ತಟ್ಟೆಗಳು. ಅರಗಿನ ಹುಳ ಮರದ ಕೊಂಬೆಗಳ ಮೇಲೆ ಸುರಿಸುವ ಅಂಟಿಗೆ ಕಲ್ಲಿನ ಪುಡಿ ಸೇರಿಸಿ, ಬಿಸಿ ಮಾಡಿ ಒತ್ತಿ ತಯಾರಿಸಿದ್ದು. ಸಾಮಾನ್ಯವಾಗಿ 10 ಇಂಚು ಅಗಲ, ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷದಷ್ಟು ಹಾಡು. ಕೈಗೆ ಭಾರ. ಉಗುರಿನಿಂದ ತಟ್ಟಿದರೆ ಟಣ್ ಎನ್ನುತ್ತದೆ. ಕೆಳಗೆ ಬಿದ್ದರೆ ಚೂರಾಗುತ್ತದೆ.

ಎರಡನೆಯದು ವಿನೈಲ್, ಅಂದರೆ ಪ್ಲಾಸ್ಟಿಕ್. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 12 ಇಂಚಿನ, 33⅓ ಸುತ್ತಿನ ಎಲ್‌ಪಿ ತಂದಿತು. ಮರುವರ್ಷವೇ ಆರ್‌ಸಿಎ ವಿಕ್ಟರ್ 7 ಇಂಚಿನ, 45 ಸುತ್ತಿನ ಚಿಕ್ಕ ತಟ್ಟೆ ತಂದಿತು. ಎಲ್‌ಪಿಯ ಒಂದು ಬದಿಯಲ್ಲಿ 20 ನಿಮಿಷಕ್ಕೂ ಜಾಸ್ತಿ ಹಾಡು ಹಿಡಿಯುತ್ತದೆ. ಆ ಒಂದು ಬದಿಯ ಗೆರೆಯನ್ನು ಬಿಡಿಸಿ ಎಳೆದರೆ ನಾನೂರು ಮೀಟರಿಗೂ ಉದ್ದ!

ನಮ್ಮ ದೇಶದಲ್ಲಿ ಒಂದು ಬಂದ ಕೂಡಲೇ ಇನ್ನೊಂದು ಹೋಗಲಿಲ್ಲ. ಕಲ್ಕತ್ತಾದ ಡಂಡಂ ಕಾರ್ಖಾನೆಯಿಂದ 1960ರ ದಶಕದಲ್ಲೂ 78 ಸುತ್ತಿನ ತಟ್ಟೆಗಳು ಬರುತ್ತಿದ್ದವು. ಬೀಟಲ್ಸ್ ಹಾಡುಗಳೂ ಇಲ್ಲಿ 78ರಲ್ಲಿ ಬಂದಿವೆ, ಅವಕ್ಕೆ ಇಂದು ಲೋಕದ ಎಲ್ಲ ಕಡೆಯ ಸಂಗ್ರಾಹಕರು ಕಾಯುತ್ತಾರೆ. ಹಾಗಾಗಿ ಹಾಡಿನ ಕಾಲ ನೋಡಿ ತಟ್ಟೆಯ ಬಗೆ ಊಹಿಸಬೇಡಿ. ಲೇಬಲ್ ಮೇಲೆ ವೇಗ ಬರೆದಿರುತ್ತದೆ, ಅದನ್ನೇ ನಂಬಿ. 7 ಇಂಚು ಎಂದ ಕೂಡಲೇ 45 ಎಂದೂ ಅಲ್ಲ. "ಸೂಪರ್ 7" ಎಂದು 33⅓ರಲ್ಲಿ ತಿರುಗುವವೂ ಇಲ್ಲಿ ಮಾರಾಟವಾಗಿವೆ.

ವಿಂಗಡಿಸುವಾಗಲೇ ಒಂದು ನೋಟ್‌ಬುಕ್ ತೆರೆಯಿರಿ. ಹಾಡು, ಹಾಡಿದವರು, ಕಂಪನಿ, ಲೇಬಲ್ಲಿನ ಸಂಖ್ಯೆ ಬರೆದುಕೊಳ್ಳಿ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ನುಣುಪು ಜಾಗದಲ್ಲಿ ಕೊರೆದ ಸಂಖ್ಯೆಯನ್ನೂ ಸೇರಿಸಿ. ಅದು ಯಾವ ಅಚ್ಚಿನಿಂದ ಬಂದದ್ದು ಎನ್ನುವುದಕ್ಕೆ ಗುರುತು. ಕವರಿನ ಮೇಲಿನ ಕೈಬರಹವನ್ನು ಮಾತ್ರ ಬಿಡಲೇಬೇಡಿ. ಕೊಂಡ ತಾರೀಕು, ಅಂಗಡಿಯ ಮುದ್ರೆ, "ಪ್ರೀತಿಯ ತಂಗಿಗೆ" ಎಂಬ ಒಂದು ಸಾಲು ಇರಬಹುದು. ತಟ್ಟೆಯ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಆ ಸಾಲು ನಿಮ್ಮ ಮನೆಯಲ್ಲಿ ಮಾತ್ರ ಇರುತ್ತದೆ.

ತೊಳೆಯುವುದು: ಇಲ್ಲಿ ಸಮಯ ಕೊಡಿ

ಅರ್ಧ ಕೆಲಸ ಇದೇ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ತಟ್ಟೆಗಳ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಅಂಥ ತಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ಮೂಗಿಗೆ ಮಾಸ್ಕ್ ಹಾಕಿಕೊಂಡು ಜಗಲಿಯಲ್ಲೋ ಟೆರೇಸಿನ ನೆರಳಲ್ಲೋ ಕುಳಿತು ಮೆತ್ತನೆಯ ಬ್ರಷ್‌ನಿಂದ ಗೆರೆಗಳ ದಿಕ್ಕಿನಲ್ಲೇ, ಅಂದರೆ ಸುತ್ತಲೂ, ಧೂಳು ತೆಗೆಯಿರಿ. ಒಣ ಬಟ್ಟೆಯಿಂದ ಉಜ್ಜಿದರೆ ಧೂಳು ಗೆರೆಯ ಒಳಕ್ಕೇ ಇಳಿಯುತ್ತದೆ.

ವಿನೈಲ್ ಆದರೆ: ಡಿಸ್ಟಿಲ್ಡ್ ವಾಟರ್ ತನ್ನಿ. ಕಾರಿನ ಬ್ಯಾಟರಿಗೆ ಹಾಕುವ ನೀರು ನಡೆಯುತ್ತದೆ, ಆದರೆ ಅದು ನೀರೇ ಹೊರತು ಆಸಿಡ್ ಅಲ್ಲ ಎಂದು ಬಾಟಲಿಯ ಮೇಲೆ ಓದಿ ನೋಡಿ. ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಅದರ ಉಪ್ಪು ಗೆರೆಯಲ್ಲಿ ಕೂರುತ್ತದೆ. ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ತೆಳು ಲಿಕ್ವಿಡ್‌ನ ಒಂದೆರಡು ಹನಿ ಸಾಕು. ಮಖಮಲ್ ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ, ಗೆರೆಯ ದಿಕ್ಕಿನಲ್ಲಿ ನಾಲ್ಕೈದು ಸುತ್ತು ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಒರೆಸಿ ಸೋಪು ತೆಗೆಯಿರಿ. ಮಧ್ಯದ ಲೇಬಲ್‌ಗೆ ನೀರು ತಾಗಬಾರದು. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ತಟ್ಟೆ ಸೊಟ್ಟಗಾಗುತ್ತದೆ, ಮತ್ತೆ ನೇರವಾಗುವುದು ಕಷ್ಟ.

ಅರಗಿನ ತಟ್ಟೆಯಾದರೆ ಒಂದು ಮಾತು ನೆನಪಿಡಿ. ಸ್ಪಿರಿಟ್ ಒಂದು ಹನಿಯೂ ತಾಗಬಾರದು. ಬಡಗಿಗಳು ಮರಕ್ಕೆ ಹಚ್ಚುವ ಪಾಲಿಶ್ ನೋಡಿದ್ದೀರಲ್ವಾ? ಅದು ಇದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಸ್ಯಾನಿಟೈಸರ್, ಕನ್ನಡಕ ಒರೆಸುವ ಒದ್ದೆ ಕಾಗದ, ರೆಕಾರ್ಡ್ ಕ್ಲೀನರ್ ಎಂದು ಮಾರುವ ಕೆಲವು ದ್ರವಗಳಲ್ಲೂ ಆಲ್ಕೋಹಾಲ್ ಇರುತ್ತದೆ. ತಾಗಿದರೆ ಗೆರೆಯ ಜೊತೆ ಹಾಡೂ ಕರಗಿಹೋಗುತ್ತದೆ. ನೀರಿನಲ್ಲೂ ನೆನೆಸಿಡಬೇಡಿ. ಹಿಂಡಿದ ಒದ್ದೆ ಬಟ್ಟೆಯಿಂದ ಬೇಗ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ತೇವ ತೆಗೆದರೆ ಆಯಿತು. ಹೊಳಪು ಬರಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಡ.

ಪ್ಲೇಯರ್ ಆಯ್ಕೆ

ಮನೆಯಲ್ಲೇ ಹಳೆಯ ಪ್ಲೇಯರ್ ಇದ್ದರೆ ಸಂತೋಷ. 70ರ ದಶಕದಲ್ಲಿ ಎಷ್ಟೋ ಮನೆಗಳಲ್ಲಿದ್ದ ಸೂಟ್‌ಕೇಸಿನಂಥ ಎಚ್‌ಎಂವಿ ಫಿಯೆಸ್ಟಾ ಇಂದಿಗೂ ರಿಪೇರಿ ಆಗುತ್ತದೆ. ಆದರೆ ನೇರವಾಗಿ ಕರೆಂಟಿಗೆ ಸಿಕ್ಕಿಸಬೇಡಿ. ಹಳೆಯ ಕೆಪಾಸಿಟರ್‌ಗಳು ಒಣಗಿರುತ್ತವೆ, ರಬ್ಬರ್ ಗಾಲಿ ಗಟ್ಟಿಯಾಗಿರುತ್ತದೆ, ಬೆಲ್ಟ್ ಕರಗಿ ಅಂಟಾಗಿರುತ್ತದೆ. ರೇಡಿಯೊ ರಿಪೇರಿ ಮಾಡುವ ಹಿರಿಯರು ನಿಮ್ಮ ಊರಿನ ಹಳೆ ಪೇಟೆಯಲ್ಲಿ ಒಬ್ಬರಾದರೂ ಇರುತ್ತಾರೆ, ಅವರಿಗೆ ತೋರಿಸಿ. ಮುಳ್ಳನ್ನಂತೂ ಬದಲಿಸಲೇಬೇಕು. ಸವೆದ ಮುಳ್ಳು ಗೆರೆಯನ್ನು ಕೆತ್ತಿ ಹಾಕುತ್ತದೆ.

ಹೊಸದು ಕೊಳ್ಳುವುದಾದರೆ ಮೂರು ವಿಷಯ ಕೇಳಿ. ಮುಳ್ಳು ಬದಲಿಸಲು ಬರುತ್ತದೆಯೇ? ಮುಳ್ಳನ್ನು ಹಿಡಿದಿರುವ ತೋಳಿನ ಹಿಂದೆ ತಿರುಗಿಸುವ ತೂಕ ಇದೆಯೇ? 78ರ ವೇಗ ಇದೆಯೇ? ಅಂಗಡಿಗಳಲ್ಲಿ ಬಣ್ಣಬಣ್ಣದ ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳಿವೆ. ಅವುಗಳ ಮುಳ್ಳಿನ ಭಾರ ಜಾಸ್ತಿ, ಇಳಿಸಲು ಬರುವುದಿಲ್ಲ. ಎಲ್ಲೂ ಸಿಗುವ ತಟ್ಟೆಗಾದರೆ ನಡೆದೀತು. ಮನೆಯಲ್ಲಿ ಒಂದೇ ಪ್ರತಿ ಇರುವ ತಟ್ಟೆಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

78ರ ತಟ್ಟೆಗೆ ಬೇರೆ ಮುಳ್ಳೇ ಬೇಕು. ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), 78ರದ್ದು ಸುಮಾರು 75. ಚಿಕ್ಕ ಮುಳ್ಳು ಅಗಲ ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೇ ಕೆರೆಯುತ್ತದೆ, ಹಾಡಿಗಿಂತ ಕರಕರ ಸದ್ದೇ ಹೆಚ್ಚು ಕೇಳುತ್ತದೆ. "ಹಳೇ ತಟ್ಟೆ, ಹಾಳಾಗಿದೆ" ಎಂದು ಬದಿಗಿಟ್ಟ ಎಷ್ಟೋ ತಟ್ಟೆಗಳಿಗೆ ಬೇಕಾಗಿದ್ದದ್ದು ಸರಿಯಾದ ಮುಳ್ಳು ಅಷ್ಟೇ.

ಕೀಲಿ ಕೊಡುವ, ದೊಡ್ಡ ಕಹಳೆಯ ಗ್ರಾಮಫೋನ್ ಇರುವ ಮನೆಗಳೂ ಇವೆ. ಅದರ ಮೇಲೆ ಎಲ್‌ಪಿ ಇಡುವ ಯೋಚನೆಯೇ ಬೇಡ. ಅದರ ಸೌಂಡ್ ಬಾಕ್ಸ್, ಅಂದರೆ ಪಿನ್ನು ಸಿಕ್ಕಿಸುವ ದುಂಡನೆಯ ಭಾಗ, ತಟ್ಟೆಯ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಹಾಕುತ್ತದೆ, ಎಲ್‌ಪಿಗೆ ಬೇಕಾದದ್ದು ಎರಡು ಗ್ರಾಂ ಆಸುಪಾಸು. ಅದರ ಉಕ್ಕಿನ ಪಿನ್ನನ್ನು ಪ್ರತಿ ಬದಿಗೂ ಹೊಸದಾಗಿ ಹಾಕಬೇಕು. ಆ ಕಾಲದಲ್ಲಿ ಪಿನ್ನುಗಳನ್ನು ಪುಟ್ಟ ತಗಡಿನ ಡಬ್ಬಿಗಳಲ್ಲಿ ಮಾರುತ್ತಿದ್ದದ್ದು ಅದಕ್ಕೇ.

ಜೋಡಣೆ

ಪ್ಲೇಯರನ್ನು ಅಲುಗಾಡದ ಮೇಜಿನ ಮೇಲೆ ಮಟ್ಟಸವಾಗಿ ಇಡಿ. ಗಾರೆ ಕೆಲಸದವರ ರಸಮಟ್ಟ ಸಿಕ್ಕರೆ ಅದರಲ್ಲೇ ನೋಡಿ. ಸ್ಪೀಕರ್ ಡಬ್ಬದ ಮೇಲೆ ಮಾತ್ರ ಬೇಡ, ಅದರ ಅದುರು ಮುಳ್ಳಿಗೆ ತಾಗುತ್ತದೆ.

ತೋಳಿನ ಹಿಂದಿನ ತೂಕವನ್ನು ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ತೋಳು ಮೇಲೂ ಏಳದೆ ಕೆಳಗೂ ಬೀಳದೆ ಗಾಳಿಯಲ್ಲಿ ತೇಲುತ್ತದೆ. ಆಗ ಡಯಲ್ ಅನ್ನು ಸೊನ್ನೆಗೆ ತನ್ನಿ. ಆಮೇಲೆ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಮುಳ್ಳು ಕೂರುವ ಪುಟ್ಟ ಭಾಗ) ಜೊತೆ ಬಂದ ಚೀಟಿಯಲ್ಲಿ ಹೇಳಿರುವಷ್ಟು ಗ್ರಾಂ ಬರುವವರೆಗೆ ತೂಕವನ್ನು ತಿರುಗಿಸಿ. ಭಾರ ಕಡಿಮೆಯಾದರೆ ಒಳ್ಳೆಯದೆಂದು ಕೆಲವರು ಇನ್ನೂ ಇಳಿಸುತ್ತಾರೆ. ಅದು ತಪ್ಪು. ಹಗುರ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಗಳನ್ನು ಹೊಡೆಯುತ್ತದೆ.

ಪ್ಲೇಯರಿಂದ ಬರುವ ಸದ್ದು ತುಂಬ ಸಣ್ಣದು, ಕೆಲವೇ ಮಿಲಿವೋಲ್ಟ್. ಅಷ್ಟೇ ಅಲ್ಲ, ಎಲ್‌ಪಿ ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿ, ತಾರದ ಸದ್ದನ್ನು ಏರಿಸಿರುತ್ತಾರೆ. ಕೇಳುವಾಗ ಅದನ್ನು ತಿರುಗಿ ಸರಿಮಾಡುವ ಕೆಲಸ ಫೋನೊ ಪ್ರಿಆಂಪ್‌ನದು. ಈಗಿನ ಹೆಚ್ಚಿನ ಪ್ಲೇಯರುಗಳ ಒಳಗೇ ಅದು ಇರುತ್ತದೆ, ಹಿಂದೆ ಒಂದು ಸ್ವಿಚ್ ಇರುತ್ತದೆ. ಹಾಡು ಸೊರಗಿ, ಕೀರಲಾಗಿ ಕೇಳಿದರೆ ಮೊದಲು ಆ ಸ್ವಿಚ್ ನೋಡಿ.

ಇನ್ನು ಕೇಳಿ

ಮನೆಯ ಹಿರಿಯರನ್ನು ಕರೆದು ಕೂರಿಸಿಕೊಂಡೇ ಮೊದಲ ತಟ್ಟೆ ಹಾಕಿ. ಡಬ್ಬದಲ್ಲಿ ಏನಿದೆ ಎಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಒಂದು ಹಾಡು ಮುಗಿಯುವಾಗ ಮುಂದಿನದರ ಮೊದಲ ಸಾಲು ಅವರ ಬಾಯಿಗೆ ತಾನಾಗಿ ಬರುತ್ತದೆ. ಎಲ್‌ಪಿಯಲ್ಲಿ ಹಾಡುಗಳ ಸಾಲು ಬದಲಾಗುವುದೇ ಇಲ್ಲ, ಹಾಗಾಗಿ ಆ ಕ್ರಮವೂ ಮನಸ್ಸಿನಲ್ಲಿ ಕೂತಿರುತ್ತದೆ. ಟೆಂಟ್ ಸಿನಿಮಾ ನೋಡಿ ಬೆಳೆದವರನ್ನು ಕೇಳಿ. ಘಂಟಸಾಲ ಅವರ ಭಕ್ತಿಗೀತೆಯ ರೆಕಾರ್ಡ್ ಹಾಕಿದರೆಂದರೆ ಚಿತ್ರ ಶುರುವಾಗುವ ಹೊತ್ತಾಯಿತು ಎಂದು ಊರಿಗೆಲ್ಲ ತಿಳಿಯುತ್ತಿತ್ತು.

78ರ ತಟ್ಟೆಯನ್ನು ಬೇರೆ ಕಿವಿಯಿಂದ ಕೇಳಬೇಕು. ಗಂಟೆಗಟ್ಟಲೆ ಹಾಡುತ್ತಿದ್ದ ಗಾಯಕರು ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ, ತಾನಗಳನ್ನೂ ಹಾಡಿ ಮುಗಿಸಬೇಕಿತ್ತು. ಆ ಮೂರು ನಿಮಿಷಗಳ ಬಲ ಎಷ್ಟಿತ್ತೆಂದರೆ, ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಅವರ ಠುಮ್ರಿಯ ರೆಕಾರ್ಡ್ ಕೇಳಿದ ಗದಗಿನ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು 11ನೇ ವಯಸ್ಸಿಗೆ ಮನೆ ಬಿಟ್ಟ. ಮುಂದೆ 1942ರಲ್ಲಿ ಆ ಹುಡುಗನದೇ ರೆಕಾರ್ಡ್ ಎಚ್‌ಎಂವಿಯಿಂದ ಬಂತು. ಅವರೇ ಭೀಮಸೇನ ಜೋಶಿ. ಆ ಮೊದಲ ಧ್ವನಿಮುದ್ರಣದಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು.

ಇನ್ನೂ ಹಿಂದಿನ ತಟ್ಟೆ ಸಿಕ್ಕಿದರೆ ಕೊನೆಯವರೆಗೂ ಕೇಳಿ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡ ಗಾಯಕಿ ಗೌಹರ್ ಜಾನ್, ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಿತ್ತು. ಗೌಹರ್ ಜಾನ್ ಅವರ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ ಕಳೆದವು. 1928ರಲ್ಲಿ ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಇಡುವುದು, ಕೊಳ್ಳುವುದು

ತಟ್ಟೆಗಳನ್ನು ಪುಸ್ತಕದಂತೆ ನೇರವಾಗಿ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಬಾಗುತ್ತದೆ, ಅರಗಿನದಾದರೆ ಒಡೆಯುತ್ತದೆ. ಮಳೆಗಾಲದಲ್ಲಿ ತೇವ ಏರುವ ಹೊರಗೋಡೆಗೆ ತಾಗಿಸಬೇಡಿ. ಒಳಗಿನ ಹಳೆ ಪ್ಲಾಸ್ಟಿಕ್ ಕವರ್ ತಟ್ಟೆಗೆ ಅಂಟಿಕೊಂಡಿದ್ದರೆ ಬದಲಿಸಿ. ಹೊರಕವರ್ ಎಷ್ಟೇ ಹರಿದಿರಲಿ, ಇಟ್ಟುಕೊಳ್ಳಿ.

ಕೇಳುತ್ತಾ ಹೋದಂತೆ ಇನ್ನಷ್ಟು ಬೇಕೆನ್ನಿಸುವುದು ಖಂಡಿತ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಮುಂಬೈಯ ಚೋರ್ ಬಜಾರ್ ಹುಡುಕುವವರಿಗೆ ಗೊತ್ತಿರುವ ಜಾಗಗಳು. ತಟ್ಟೆಯನ್ನು ಕವರಿನಿಂದ ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಾಗುವ ಗೀರು ಮುಳ್ಳಿಗೂ ತಾಗುತ್ತದೆ. ಮಧ್ಯದ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಗೆರೆಗಳು ತುಂಬಿದ್ದರೆ ಅದು ಬಹಳ ಸಲ ಹಾಡಿದ ತಟ್ಟೆ. ಮೈಕ್‌ಸೆಟ್ ಅಂಗಡಿಯ ಮುದ್ರೆ ಇದ್ದರಂತೂ ಮದುವೆ, ಗಣೇಶನ ಪೆಂಡಾಲ್ ಎಲ್ಲ ಸುತ್ತಿ ಸವೆದಿರುವುದೇ ಹೆಚ್ಚು. ಕವರ್ ಒಂದು, ಒಳಗಿನ ತಟ್ಟೆ ಇನ್ನೊಂದು ಆಗಿರುವುದೂ ಸಾಮಾನ್ಯ.

ಪ್ರತಿ ಮಾಡಿಟ್ಟುಕೊಳ್ಳಿ

ಅಪರೂಪದ ತಟ್ಟೆಯನ್ನು ಒಂದು ಸಲ ಚೆನ್ನಾಗಿ ಹಾಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ಲೇಯರಿನಲ್ಲಿ 78 ಇಲ್ಲದಿದ್ದರೆ 45ರಲ್ಲಿ ಹಾಡಿಸಿ ಇಳಿಸಿಕೊಂಡು ಅದರಲ್ಲೇ ವೇಗ ಸರಿಮಾಡಬಹುದು, 78ರ ಮುಳ್ಳು ಮಾತ್ರ ಬೇಕೇ ಬೇಕು. ಕರಕರ ತೆಗೆಯುವ ಸೌಲಭ್ಯವನ್ನು ಮಿತವಾಗಿ ಬಳಸಿ, ಅತಿಯಾದರೆ ತಂಬೂರಿಯ ನಾದವೂ ಹೋಗುತ್ತದೆ. ಏನೂ ತಿದ್ದದ ಮೂಲ ಪ್ರತಿ ಬೇರೆಯಾಗಿ ಇರಲಿ. ಜಾಲತಾಣಕ್ಕೆ ಹಾಕುವ ಮುಂಚೆ ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ.

ಇಟ್ಟುಕೊಳ್ಳಲು ಆಗದಿದ್ದರೆ ತೂಕಕ್ಕೆ ಹಾಕಬೇಡಿ. ಬೆಂಗಳೂರಿನಲ್ಲಿ ಶುರುವಾದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್, ಮುಂಬೈಯ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಇಂಥ ತಟ್ಟೆಗಳಿಗಾಗಿಯೇ ಕೆಲಸ ಮಾಡಿದ ಸಂಸ್ಥೆಗಳು. ಅಂಥವರನ್ನು, ಇಲ್ಲವೇ ಊರಿನಲ್ಲೇ ಇರುವ ಸಂಗ್ರಾಹಕರನ್ನು ಕೇಳಿ ನೋಡಿ. ಕೊಡುವಾಗ ನೀವು ಬರೆದಿಟ್ಟ ನೋಟ್‌ಬುಕ್ಕಿನ ಒಂದು ಪ್ರತಿಯನ್ನೂ ಡಬ್ಬದೊಳಗೆ ಹಾಕಿ ಕೊಡಿ.