ದನದ ದಾರಿ, ಮನುಷ್ಯರ ದಾರಿ

ಕೊಡಚಾದ್ರಿಯಲ್ಲಿ ನಾನು ದಾರಿ ತಪ್ಪಿದ್ದು ಕಾಡಿನೊಳಗಲ್ಲ, ಬಯಲಲ್ಲಿ. ಹೇಳಿದರೆ ಶಿವಮೊಗ್ಗದ ಗೆಳೆಯರು ಈಗಲೂ ನಗುತ್ತಾರೆ. ನಿಟ್ಟೂರಿನ ಕಡೆಯಿಂದ ಹೊರಟು, ಹಿಡ್ಲುಮನೆ ಅಬ್ಬಿಯ ಪಕ್ಕದ ಜಾರುವ ಕಲ್ಲುಗಳನ್ನು ಹತ್ತಿ, ಕಾಡು ದಾಟಿ ಹುಲ್ಲುಗುಡ್ಡಕ್ಕೆ ಬಂದಿದ್ದೆವು. ಕಷ್ಟ ಎಲ್ಲ ಮುಗೀತು ಅಂದುಕೊಂಡು ಅವಲಕ್ಕಿ ಪೊಟ್ಟಣ ಬಿಚ್ಚಿದೆವು. ತಿಂದು ಮುಗಿಸುವಷ್ಟರಲ್ಲಿ ಮಂಜು ಕವಿಯಿತು. ಹತ್ತು ಹೆಜ್ಜೆ ಮುಂದಿದ್ದ ಗೆಳೆಯನ ಕೆಂಪು ಬ್ಯಾಗೂ ಕಾಣಿಸಲಿಲ್ಲ.

ಕಾಲ ಕೆಳಗೆ ಮಾತ್ರ ಚೆನ್ನಾಗಿ ಸವೆದ ದಾರಿ ಇತ್ತು. ಅದನ್ನೇ ಹಿಡಿದೆವು. ಮುಕ್ಕಾಲು ಗಂಟೆ ನಡೆದ ಮೇಲೆ ಅದು ಒಂದು ಹಳ್ಳದ ದಂಡೆಗೆ ಹೋಗಿ ನಿಂತಿತು. ಸುತ್ತ ಸೆಗಣಿ. ಸ್ವಲ್ಪ ಹೊತ್ತಿಗೆ ಕಂಬಳಿಕೊಪ್ಪೆ ಹಾಕಿಕೊಂಡ ಅಜ್ಜರೊಬ್ಬರು ತಮ್ಮ ಎಮ್ಮೆ ಹುಡುಕುತ್ತಾ ಬಂದರು.

"ಎಂತ ಮಾರಾಯ್ರೆ, ದನದ ದಾರೀಲಿ ಎಲ್ಲಿಗೆ ಹೊರಟಿದ್ದು?"

"ಇದು ದನದ ದಾರಿ ಅಂತ ಹೇಗೆ ಗೊತ್ತಾಗೋದು ಅಜ್ಜಯ್ಯ?" ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮೇಲಕ್ಕೆ ಕರೆದುಕೊಂಡು ಹೋಗುತ್ತಾ ತೋರಿಸಿದರು. ದನ ಗುಡ್ಡವನ್ನು ನೇರ ಹತ್ತುವುದಿಲ್ಲ, ಇಳಿಜಾರಿಗೆ ಅಡ್ಡಡ್ಡ ಮೇಯುತ್ತಾ ಹೋಗುತ್ತದೆ. ಹಾಗಾಗಿ ಒಂದರ ಮೇಲೊಂದು ಮೆಟ್ಟಿಲ ಹಾಗೆ ನಾಲ್ಕೈದು ದಾರಿ ಕಂಡರೆ ಅದು ದನದ್ದು. ಪೊದೆ ಬಂದಾಗ ದನ ತಲೆ ತಗ್ಗಿಸಿ ನುಗ್ಗುತ್ತದೆ. ಕಾಲ ಹತ್ತಿರ ದಾರಿ ಸಾಫಾಗಿದ್ದು ಎದೆಯ ಮಟ್ಟಕ್ಕೆ ಟೊಂಗೆ ಅಡ್ಡ ಬಂದರೆ ಅಲ್ಲಿ ಮನುಷ್ಯರು ಓಡಾಡುವುದಿಲ್ಲ. ಮನುಷ್ಯರ ದಾರಿಯಲ್ಲಿ ಕತ್ತಿಯಿಂದ ಟೊಂಗೆ ಸವರಿದ ಗುರುತು ಇರುತ್ತದೆ, ಬೇರುಗಳ ಬೆನ್ನು ಸವೆದು ನುಣ್ಣಗಾಗಿರುತ್ತದೆ. ಹಳ್ಳ ಬಂದಲ್ಲಿ ದಾಟಲು ಕಲ್ಲೋ ಸಂಕವೋ ಇದ್ದೇ ಇರುತ್ತದೆ. ಇದೆಲ್ಲ ಮೊಬೈಲಿನ ಮ್ಯಾಪ್‌ನಲ್ಲಿ ಬರಲ್ಲ.

ಆ ದಿನ ಮೂಲ ಮೂಕಾಂಬಿಕೆ ಗುಡಿಯ ಕಬ್ಬಿಣದ ಕಂಬ ನೋಡಿದೆವು. ಸರ್ವಜ್ಞ ಪೀಠದ ತನಕವೂ ಹೋದೆವು. ಕೊಡಚಾದ್ರಿಯ ಎತ್ತರ 1343 ಮೀಟರ್. ಜೀಪಿನಲ್ಲಿ ಬಂದವರು ಅಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು, ನಮ್ಮ ಕೆಸರು ನೋಡಿ ಪಾಪ ಅಂದರು.

ಅಲ್ಲಿಂದೀಚೆಗೆ ಗುಡ್ಡಕ್ಕೆ ಹೋಗುವ ರೀತಿಯನ್ನೇ ಬದಲಿಸಿಕೊಂಡೆ. ಮೊದಲನೆಯದು ತಿಂಗಳು. ಜಡಿಮಳೆಯಲ್ಲಿ ಹೋಗುವವರಿಗೆ ನನ್ನ ನಮಸ್ಕಾರ, ನಾನು ಮಾತ್ರ ಹೋಗುವುದಿಲ್ಲ. ಚಿತ್ತೆ, ಸ್ವಾತಿ ಮಳೆಯ ಹೊತ್ತು, ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ, ನನಗೆ ಸರಿ. ಹುಲ್ಲು ಹಸಿರಾಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ಆದರೆ ಆ ಮಳೆಗೆ ಒಂದು ಗುಣ ಇದೆ. ಬೆಳಿಗ್ಗೆ ಬಿಸಿಲು ಕಾಯಿಸಿ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಬೋಳು ಏಣಿನ ಮೇಲೆ, ಅಂದರೆ ಗುಡ್ಡದ ಬೆನ್ನಿನ ಮೇಲೆ, ಆಗ ಎಲ್ಲರಿಗಿಂತ ಎತ್ತರ ಇರುವವರು ನಾವೇ, ಅಲ್ವಾ? ಅದಕ್ಕೇ ಬೆಳಕು ಹರಿಯುವಾಗ ನಡೆಯಲು ಶುರುಮಾಡಿ, ಹನ್ನೆರಡು ಗಂಟೆಯೊಳಗೆ ಏಣು ಬಿಟ್ಟು ಇಳಿಯಲು ತೊಡಗುತ್ತೇನೆ.

ಮಳೆಗಾಲದ ಕಾಟ ಉಂಬಳ, ಅಂದರೆ ಜಿಗಣೆ. ಬೇಸಿಗೆಯ ಕಾಟ ಉಣುಗು, ಅಂದರೆ ಉಣ್ಣೆ ಹುಳ. ಪೇಟೆಯವರು ಉಂಬಳಕ್ಕೆ ಹೆದರುತ್ತಾರೆ, ನಾನು ಹೆದರುವುದು ಉಣುಗಿಗೆ. ಉಂಬಳ ರಕ್ತ ಕುಡಿದು ಉದುರಿ ಹೋಗುತ್ತದೆ, ಅಷ್ಟೇ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ಅದಕ್ಕೇ ಕಚ್ಚಿದ ಮೇಲೂ ತುಂಬಾ ಹೊತ್ತು ಸೋರುತ್ತದೆ. ತೊಳೆದು, ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಕು. ಸಾದಾ ಕಾಲುಚೀಲದ ನೇಯ್ಗೆಯೊಳಗೇ ಅದು ತೂರಿಬಿಡುತ್ತದೆ. ಹಾಗಾಗಿ ದಪ್ಪ ಹೆಣಿಗೆಯ ಉದ್ದ ಕಾಲುಚೀಲ ಹಾಕಿ, ಅದರೊಳಗೆ ಪ್ಯಾಂಟ್ ಸೇರಿಸುತ್ತೇನೆ. ಮೇಲೆ ಹೊಗೆಸೊಪ್ಪು, ಸುಣ್ಣ ಕಲಸಿದ ನೀರು ಸವರುತ್ತೇನೆ. ಬರೀ ಉಪ್ಪಾದರೆ ಎರಡು ಹಳ್ಳ ದಾಟುವಷ್ಟರಲ್ಲಿ ತೊಳೆದುಹೋಗುತ್ತದೆ.

ಉಣುಗಿನ ಕಥೆ ಬೇರೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದೂ ತಿಳಿಯಲ್ಲ. ಆ ತಿಂಗಳುಗಳಲ್ಲಿ ನಾನು ತರಗೆಲೆಯ ಮೇಲೆ ಕೂರುವುದಿಲ್ಲ, ಮಲಗುವುದಂತೂ ದೂರದ ಮಾತು. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ನಾನು ಬಚ್ಚಲಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಅಂಥ ಕಡೆ ಕಾಲಿಡುವುದೇ ಬೇಡ.

ಶೂ ವಿಷಯದಲ್ಲಿ ದುಡ್ಡು ಕಳೆದುಕೊಂಡೆ. ನೀರು ಒಳಗೆ ಬರಲ್ಲ ಅಂತ ಅಂಗಡಿಯವನು ಹೇಳಿದ ದುಬಾರಿ ಜೋಡು ತಂದೆ. ಮೊದಲ ಹಳ್ಳದಲ್ಲೇ ಮೇಲಿನಿಂದ ನೀರು ತುಂಬಿತು. ಸಂಜೆಯವರೆಗೆ ಹೊರಗೆ ಹೋಗಲೇ ಇಲ್ಲ. ಎರಡು ಬಕೆಟ್ ಹೊತ್ತು ನಡೆದ ಹಾಗಾಯಿತು. ಈಗ ಅಡಿಯಲ್ಲಿ ಹಲ್ಲಿರುವ ಅಗ್ಗದ ಬಟ್ಟೆ ಶೂ ಹಾಕುತ್ತೇನೆ. ನೀರು ಬರುತ್ತದೆ, ಹೋಗುತ್ತದೆ. ಮೊಣಕಾಲಿನ ಅಭ್ಯಾಸಕ್ಕೆ ಕವಲೇದುರ್ಗ ಒಳ್ಳೆಯದು. ಕೆಳದಿ ನಾಯಕರ ಕೋಟೆಯ ಕಲ್ಲುದಾರಿಯಲ್ಲಿ ಎರಡು ಸಲ ಹತ್ತಿ ಇಳಿದರೆ ನಿಮ್ಮ ಮಂಡಿಯ ಬಣ್ಣ ಬಯಲಾಗುತ್ತದೆ. ಹತ್ತುವಾಗ ಉಸಿರು ಕೈಕೊಟ್ಟರೆ ನಿಲ್ಲಬಹುದು. ಇಳಿಯುವಾಗ ಮಂಡಿ ಕೈಕೊಟ್ಟರೆ ಹೊತ್ತುಕೊಂಡು ಬರುವವರು ಬೇಕು.

ಇಷ್ಟೆಲ್ಲ ಕಲಿತ ಮೇಲೆ ಕುದುರೆಮುಖಕ್ಕೆ ಹೋದೆ. ಅದು 1987ರಿಂದ ರಾಷ್ಟ್ರೀಯ ಉದ್ಯಾನ, ಹಾಗಾಗಿ ಸುಮ್ನೆ ಹೋಗಿ ಹತ್ತುವ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು, ದಿನಕ್ಕೆ ಇಂತಿಷ್ಟೇ ಜನ, ರಾತ್ರಿ ಮೇಲೆ ಉಳಿಯುವಂತಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು. ಕೆಲವರು ಇದಕ್ಕೆ ಗೊಣಗುತ್ತಾರೆ. ರಜೆಯ ದಿನ ಏಣಿನ ಮೇಲೆ ಜಾತ್ರೆ ಆಗಿದ್ದನ್ನು ನೋಡಿದವನಾದ್ದರಿಂದ ನನಗೆ ಇದು ಸರಿ ಅನ್ನಿಸುತ್ತದೆ. ಕಳಸದ ಹತ್ತಿರದ ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪ್, ಅಲ್ಲಿಂದ ನಡಿಗೆ. ಹೋಗಿ ಬರಲು ಇಡೀ ದಿನ ಬೇಕು.

ಅಲ್ಲಿನ ಗುಡ್ಡಗಳ ರಚನೆ ಅರ್ಥವಾದರೆ ನಡಿಗೆ ಸುಲಭ. ಗಾಳಿ ಬಡಿಯುವ, ಮಣ್ಣು ತೆಳುವಾದ ಏಣಿನ ಮೇಲೆ ಬರೀ ಹುಲ್ಲು. ಎರಡು ಗುಡ್ಡ ಸೇರುವ ಮಡಿಲಲ್ಲಿ, ತೇವ ನಿಲ್ಲುವ ಕಡೆ, ಒತ್ತಾದ ಶೋಲಾ ಕಾಡು. ಮಳೆ ನೀರನ್ನು ಹಿಡಿದಿಟ್ಟು ನಿಧಾನ ಬಿಡುವುದು ಹುಲ್ಲು ಮತ್ತು ಈ ಕಾಡು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲವೂ ಇದೇ ಸಾಲಿನಲ್ಲಿದೆ. ನನಗೆ ಇದರಿಂದ ಸಿಕ್ಕ ಲೆಕ್ಕ ಇಷ್ಟೇ. ನೀರು ಬೇಕಾದರೆ ಕಾಡಿನ ಮಡಿಲಲ್ಲೇ ತುಂಬಿಕೊಳ್ಳಬೇಕು, ಏಣಿಗೆ ಹೋದ ಮೇಲೆ ಒಂದು ಹನಿ ಸಿಗಲ್ಲ. ಶಿಖರ 1894 ಮೀಟರ್. ಕೊನೆಯ ಏರು ಮೈಲಿಗಟ್ಟಲೆ ಕಾಣುತ್ತಲೇ ಇರುತ್ತದೆ, ಹತ್ತಿರ ಮಾತ್ರ ಬರುವುದಿಲ್ಲ.

ಆ ದಿನ ಹನ್ನೊಂದಕ್ಕೇ ಪಡುವಣದಲ್ಲಿ ಮೋಡ ಕಟ್ಟಿತು. ನಮ್ಮ ಗೈಡ್ ಹುಡುಗ ನಿಂತ. "ಇಳಿಯುವ ಸರ್, ಹಳ್ಳ ಏರ್ತದೆ" ಅಂದ. ಶಿಖರಕ್ಕೆ ಇನ್ನು ಅರ್ಧ ಗಂಟೆ ಇತ್ತು. ಗೆಳೆಯನಿಗೆ ಸಿಟ್ಟು ಬಂತು. ಇಲ್ಲೆಲ್ಲೂ ಒಂದು ಹನಿ ಬಿದ್ದಿಲ್ಲ, ಸುಮ್ನೆ ಹೆದರಿಸ್ತಾನೆ ಅಂದ. ನಾನು ಹುಡುಗನ ಹಿಂದೆ ಇಳಿದೆ, ಗೆಳೆಯ ಗೊಣಗುತ್ತಾ ನಮ್ಮ ಹಿಂದೆ ಬಂದ. ಬೆಳಿಗ್ಗೆ ಕಣಕಾಲು ಮುಳುಗದ ಮೂರನೇ ಹಳ್ಳ ಮೊಣಕಾಲು ದಾಟಿತ್ತು, ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ನಮ್ಮ ತಲೆ ಮೇಲೆ ಆಗಲೂ ಮಳೆ ಇಲ್ಲ. ಮೂವರೂ ಕೈ ಕೈ ಹಿಡಿದು, ಮೇಲಿನ ಕಡೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಟ್ಟು ದಾಟಿದೆವು. ಆಚೆ ದಂಡೆಯಲ್ಲಿ ಗೆಳೆಯ ಬ್ಯಾಗಿನಿಂದ ಕಿತ್ತಳೆ ತೆಗೆದು, ಸುಲಿದು, ಮೊದಲ ತೊಳೆಯನ್ನು ಆ ಹುಡುಗನಿಗೆ ಕೊಟ್ಟ.